ಹಗೇವಿನ ಗಾಳಿ ಮತ್ತು ತಗ್ಗಿನ ಕೇರಿ

ನಮ್ಮ ಕೇರಿಗೆ ತಗ್ಗಿನ ಕೇರಿ ಎಂದೇ ಹೆಸರು. ಹರಿಹರದಿಂದ ಕೊಂಡಜ್ಜಿಗೆ ಹೋಗುವ ದಾರಿ ಬಿಟ್ಟು ಒಂದಿಷ್ಟು ಒಳಗೆ ನಡೆದರೆ ನಮ್ಮ ಊರು. ಊರ ಪಕ್ಕಕ್ಕೆ ಒಂದು ದಿಬ್ಬವಿದೆ. ಮೇಲಿನ ಕೇರಿಯವರು ದಿಬ್ಬದ ಸಮಕ್ಕೆ ಮನೆ ಕಟ್ಟಿಕೊಂಡಿದ್ದಾರೆ. ನಾವು ಹನ್ನೊಂದು ಮನೆಯವರು ಅದರ ಬುಡದ ಗುಂಡಿಯಲ್ಲಿದ್ದೇವೆ. ಚಳಿಗಾಲದ ಬೆಳಿಗ್ಗೆ ನೀರೊಲೆ ಹಚ್ಚಿದರೆ ಹೊಗೆ ಮೇಲೇಳುವುದಿಲ್ಲ, ಕರೆಯದೆ ಬಂದ ನೆಂಟರ ಹಾಗೆ ಅಂಗಳದಲ್ಲೇ ಕೂತುಬಿಡುತ್ತದೆ. ಬಿಸಿಲು ಏರಿದ ಮೇಲೆಯೇ ಹೊರಡುವುದು. "ನಿಮ್ಮ ಕೇರಿಗೆ ದಿನಾ ಬೆಳಿಗ್ಗೆ ಮೋಡ ಇಳಿತೈತೆ ನೋಡ್ರಿ" ಎಂದು ಮೇಲಿನವರು ನಗುತ್ತಿದ್ದರು. ನಗಲಿ. ಐವತ್ತು ವರ್ಷ ಆ ಹೊಗೆಯಲ್ಲೇ ಕೆಮ್ಮಿಕೊಂಡು ಬದುಕಿದ್ದೇನೆ, ಗಟ್ಟಿಯಾಗಿಯೇ ಇದ್ದೇನೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಒಂದು ದಿನ ಕಂಪನಿಯವರು ಬಂದು ಅದೇ ದಿಬ್ಬದ ಮೇಲೆ ಗ್ಯಾಸಿನ ಕಟ್ಟೆ ಮಾಡುತ್ತೇವೆ ಎಂದರು.

ಪಂಚಾಯ್ತಿ ಕಚೇರಿಯ ಮುಂದೆ ಶಾಮಿಯಾನ ಹಾಕಿಸಿದ್ದರು. ಬೆಂಗಳೂರಿನಿಂದ ಬಂದ ಎಂಜಿನಿಯರೊಬ್ಬರು ನಕ್ಷೆ ಹಿಡಿದು ನಿಂತರು. ನಲವತ್ತು ದಾಟಿದವರು, ನೆತ್ತಿ ಬೋಳಾಗಿತ್ತು, ಮಾತು ಮೆತ್ತಗಿತ್ತು. ಹರಿಹರದ ಆಚೆ ಒಂದು ಹೊಸ ಕಾರ್ಖಾನೆ ಬರುವುದಿದೆಯಂತೆ. ಅದರ ಚಿಮಣಿಯಿಂದ ಬರುವ ಗಾಳಿಯನ್ನು ಆಕಾಶಕ್ಕೆ ಬಿಟ್ಟರೆ ಲೋಕ ಬಿಸಿಯಾಗುತ್ತದಂತೆ. ಅದಕ್ಕೆ ಆ ಗಾಳಿಯನ್ನು ಹಿಡಿದು, ನೀರಿನ ಹಾಗಾಗುವವರೆಗೂ ಹಿಂಡಿ, ಪೈಪಿನಲ್ಲಿ ಉತ್ತರದ ಕಡೆ ಕಪ್ಪುಕಲ್ಲಿನ ನೆಲಕ್ಕೆ ಒಯ್ದು, ಅಲ್ಲಿ ಆಳಕ್ಕೆ ಹೂಳುತ್ತಾರಂತೆ. ದಾರಿಯಲ್ಲಿ ಅಲ್ಲಲ್ಲಿ ಗ್ಯಾಸನ್ನು ತಡೆದು ಬಿಡುವುದಕ್ಕೆ ವಾಲ್ವಿನ ಕಟ್ಟೆ ಬೇಕು, ಒಂದೆರಡು ಟ್ಯಾಂಕಿಯೂ ಬೇಕು. ಅದರಲ್ಲೊಂದು ಕಟ್ಟೆ ನಮ್ಮ ದಿಬ್ಬಕ್ಕೆ ಬಿದ್ದಿತ್ತು.

ಲೋಕ ತಂಪಾಗಲಿ, ನನ್ನದೇನೂ ತಕರಾರಿಲ್ಲ. ಬೇಸಿಗೆಯಲ್ಲಿ ನಾವೂ ಬೇಯುತ್ತೇವೆ. ಆದರೆ ತಲೆಯ ಮೇಲೆ ತಂದಿಡುವ ವಸ್ತು ಏನೆಂದು ಕೇಳಬೇಕಲ್ಲ.

"ಆ ಗಾಳಿ ಎಂಥದ್ರಿ?" ಎಂದೆ.

"ಏನೂ ಇಲ್ಲ ಅಜ್ಜಿ, ಸೋಡಾದಲ್ಲಿ ಇರುತ್ತಲ್ಲ, ಅದೇ ಗ್ಯಾಸು. ನಾವು ಉಸಿರು ಬಿಡ್ತೀವಲ್ಲ, ಅದರಲ್ಲೂ ಇರೋದು ಅದೇ."

"ಸೋಡಾ ನಾನೂ ಕುಡಿತೀನ್ರಿ. ಹರಿಹರದ ಬಸ್‌ಸ್ಟ್ಯಾಂಡಿಗೆ ಹೋದ್ರ ಒಂದು ನಿಂಬೆ ಸೋಡಾ ಕುಡೀಲಾರ್ದ ಬಸ್ ಹತ್ತಂಗಿಲ್ಲ. ಆದ್ರ ಸೋಡಾದಾಗ ಮಲಗಂಗಿಲ್ಲ ನಾನು."

ಶಾಮಿಯಾನದಲ್ಲಿದ್ದವರೆಲ್ಲ ನಕ್ಕರು. ಎಂಜಿನಿಯರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

"ಅದು ಹೊರಗ ಬಂದ್ರ ಮ್ಯಾಲೆ ಹೋಗ್ತೈತೋ, ಕೆಳಗ ಇಳಿತೈತೋ? ಅಷ್ಟು ಹೇಳ್ರಿ."

"ಗಾಳಿಗೆ ಚದುರಿ ಹೋಗುತ್ತೆ ಅಜ್ಜಿ."

"ಗಾಳಿ ಬೀಸಲಿಲ್ಲ ಅಂದ್ರ?"

ಆ ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದು ಅವರ ನೌಕರಿಗೆ ಒಳ್ಳೆಯದಲ್ಲ. ಕತ್ತು ಕೆರೆದುಕೊಂಡು, "ಸ್ವಲ್ಪ ಭಾರ ಇರುತ್ತೆ, ನಿಜ. ಆದರೆ ಲೀಕ್ ಆಗೋದೇ ಇಲ್ಲ. ಆಳದಲ್ಲಿ ಹೂತ ಮೇಲಂತೂ ಸಾವಿರಾರು ವರ್ಷ ಅಲ್ಲೇ ಇರುತ್ತೆ" ಎಂದರು.

"ಸಾವಿರ ವರ್ಷ ಇದ್ದು ನೋಡಿದೋರು ಯಾರ್ರಿ?" ಎಂದೆ. "ಭಾರ ಐತಿ ಅಂದ್ರಲ್ಲ, ಹಂಗಾದ್ರ ಅದು ಸೋಡಾ ಗಾಳಿ ಅಲ್ಲ. ಹಗೇವಿನ ಗಾಳಿ."

"ಹಗೇವು ಅಂದ್ರೆ?" ಎಂದರು ಎಂಜಿನಿಯರ್.

ಈಗಿನವರಿಗೆ ಹಗೇವು ಗೊತ್ತಿಲ್ಲ, ಅವರ ತಪ್ಪಲ್ಲ. ಕಾಲುವೆ ನೀರು ನಮ್ಮ ಹೊಲ ಮುಟ್ಟಿ ಭತ್ತ ಬರುವ ಮೊದಲು ನಮ್ಮದೆಲ್ಲ ಜೋಳ. ವರ್ಷದ ಜೋಳವನ್ನು ಮನೆಯಲ್ಲಿಟ್ಟರೆ ಇಲಿ, ನುಸಿ. ಅದಕ್ಕೆ ಹಿತ್ತಲಲ್ಲಿ ಗುಡಾಣದ ಆಕಾರದ ಗುಂಡಿ ತೋಡಿರುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಎರಡು ಮೂರು ವರ್ಷ ಹುಳ ಬೀಳುತ್ತಿರಲಿಲ್ಲ. ಒಳಗೆ ಹುಳಕ್ಕೂ ಉಸಿರಾಡಲು ಆಗುವುದಿಲ್ಲ, ಅದೇ ಕಾರಣ. ಮನುಷ್ಯನಿಗೂ ಅಷ್ಟೇ. ಹಗೇವು ತೆಗೆದ ದಿನ ಮೊದಲು ಕಂದೀಲು ಇಳಿಬಿಡಬೇಕು. ಉರಿದರೆ ಇಳಿ, ಆರಿದರೆ ದಂಡೆಯಲ್ಲಿ ಕೂತು ಬೀಡಿ ಸೇದು. ನಮ್ಮ ಮಾವನ ತಮ್ಮ ಕಂದೀಲು ತರಲು ಬೇಸರಪಟ್ಟು ಹಾಗೇ ಇಳಿದರು, ಮೇಲೆ ಬರಲಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಅದು. ಮೈಮೇಲೆ ಒಂದು ಗೀರೂ ಇರಲಿಲ್ಲ, ಉಂಡು ಮಲಗಿದವರ ಹಾಗಿದ್ದರು. ನಾನು ಮೂರನೇ ಇಯತ್ತೆ ದಾಟಿದವಳಲ್ಲ, ಆದರೆ ಈ ಒಂದು ಪಾಠ ಚೆನ್ನಾಗಿ ಕಲಿತಿದ್ದೇನೆ.

ಆಮೇಲೆ ಊರಲ್ಲಿ ವಿರೋಧ ಶುರುವಾಯಿತು. ದಾವಣಗೆರೆಯಿಂದ ಹಸಿರು ಶಾಲಿನವರು ಬಂದು ಅರಳಿಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದರು. ಜಾಗತಿಕ, ಬಂಡವಾಳ, ಹುನ್ನಾರ ಎಂಬ ಮಾತುಗಳು ಬಹಳ ಬಂದವು. ನಾವು ಹೆಂಗಸರು ಅವರೆಕಾಯಿ ಸುಲಿಯುತ್ತ ಕೂತಿದ್ದೆವು, ಭಾಷಣ ಮುಗಿಯುವಷ್ಟರಲ್ಲಿ ಒಂದು ಬುಟ್ಟಿ ಆಗಿತ್ತು. ಮೇಲಿನ ಕೇರಿಯಲ್ಲಿ ಅರ್ಧ ಜನಕ್ಕೆ ಕಟ್ಟೆ ಬೇಕೇ ಇತ್ತು. ಅಲ್ಲೊಬ್ಬ ಟ್ರ್ಯಾಕ್ಟರಿನವನಿದ್ದಾನೆ, ವಾವೆಯಲ್ಲಿ ನನಗೆ ಮೈದುನನಾಗಬೇಕು, ಅವನ ಬಾಯಿಗೆ ಬಾಗಿಲಿಲ್ಲ. ಅವನೆಂದ:

"ಕಟ್ಟೆ ಬಂದ್ರ ಡಾಂಬರ್ ರಸ್ತೆ ಬರ್ತೈತೆ, ಬೀದಿ ದೀಪ ಬರ್ತಾವು. ಯಾಕ ಬ್ಯಾಡ ಅಂತೀ ಅತ್ಗೀ?"

"ದೀಪ ನಿಮ್ಮ ಕೇರಿಗೆ, ಗಾಳಿ ನಮ್ಮ ಕೇರಿಗೆ. ಅದಲು ಬದಲು ಮಾಡ್ಕೊಳ್ಳಣ ಬಾ. ನೀ ಬಂದು ನಮ್ಮ ಮನ್ಯಾಗ ಮಲ್ಕೋ" ಎಂದೆ. ಅವನು ಬೇರೆ ಕಡೆ ತಿರುಗಿದ.

ನನ್ನ ಸೊಸೆ ಪಂಚಾಯ್ತಿ ಮೆಂಬರ್. ಅರ್ಜಿ ಬರೆಯುವುದು, ಹರಿಹರಕ್ಕೆ ಓಡಾಡುವುದು, ತಾಲ್ಲೂಕು ಕಚೇರಿಯಲ್ಲಿ ಮೇಜು ಕುಟ್ಟುವುದು ಎಲ್ಲ ಅವಳೇ. ಹರಿಹರದಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಅಹವಾಲು ಸಭೆ ಇಟ್ಟಾಗ ಮೈಕನ್ನು ಎಳೆದು ತಂದು ನನ್ನ ಬಾಯಿಗೆ ಹಿಡಿದವಳೂ ಅವಳೇ. ಮೇಲೆ ಕೂತಿದ್ದ ಅಧಿಕಾರಿ ಹೆಣ್ಣುಮಗಳು. ಬೆಳಿಗ್ಗೆಯಿಂದ ಕೂತು ಸೊಂಟ ಹಿಡಿದುಕೊಂಡಿದ್ದರು, ಪಾಪ.

"ಮೇಡಮ್ಮಾರೇ, ನಂದು ಉದ್ದ ಇಲ್ಲ" ಎಂದೆ. "ಈ ಗಾಳಿ ತಗ್ಗಿಗೆ ಇಳಿಯೋ ಗಾಳಿ. ನಾವಿರೋದು ತಗ್ಗಿನಾಗ. ಹಗೇವಿನಾಗ ಕಂದೀಲು ಆರೋದು ನಾ ಕಣ್ಣಾರೆ ಕಂಡೀನಿ. ದಿಬ್ಬದ ಮ್ಯಾಲೆ ಕಟ್ಟೆ ಬ್ಯಾಡ. ಮುಗೀತು."

ಮೇಡಂ ತಲೆಯೆತ್ತಿ ನೋಡಿದರು. "ಹದಿನೈದು ದಿನದಲ್ಲಿ ಜಾಗ ನೋಡೋಕೆ ನಾನೇ ಬರ್ತೀನಿ. ಆ ಹಗೇವು ಇನ್ನೂ ಇದೆಯಾ?"

"ನಮ್ಮ ಹಿತ್ತಲಾಗೇ ಐತ್ರಿ."

"ತೋರಿಸಿ ಹಾಗಾದರೆ."

ಇಲ್ಲಿಂದ ಮುಂದಿನದು ನನ್ನ ತಪ್ಪು, ಇನ್ಯಾರ ತಲೆಗೂ ಕಟ್ಟುವುದಿಲ್ಲ. ನಮ್ಮಲ್ಲಿ ಯಾರಾದರೂ ಬರುತ್ತಾರೆ ಎಂದರೆ ಮೊದಲು ಕೈಗೆ ಬರುವುದು ಕಸಬರಿಗೆ. ಮೂವತ್ತು ವರ್ಷದಿಂದ ಆ ಹಗೇವಿನ ಕಲ್ಲಿನ ಮೇಲೆ ಸೌದೆ ಒಟ್ಟುತ್ತಿದ್ದೆವು. ಸಾಹೇಬರೆಲ್ಲ ಬಂದು ಬಗ್ಗಿ ನೋಡುವಾಗ ಒಳಗೆ ಜೇಡರಬಲೆ, ಕೊಳೆತ ಹುಲ್ಲು ಕಂಡರೆ ಏನೆಂದುಕೊಂಡಾರು? ಮೂರು ದಿನ ಮೊದಲೇ ಕಲ್ಲು ಸರಿಸಿಸಿದೆ. ಬಾಯಿ ತೆರೆದೇ ಬಿಟ್ಟೆವು. ನನ್ನ ಸೊಸೆ ಉದ್ದ ವೈರು ಎಳೆದು ಟೇಬಲ್ ಫ್ಯಾನನ್ನು ಅದರ ಬಾಯಿಗೆ ಹಚ್ಚಿ ಇಟ್ಟಳು. ಕಂದೀಲು ಇಳಿಸಿ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ ನನ್ನ ಮಗನನ್ನು ಇಳಿಸಿ ಗುಡಿಸಿಸಿದೆ, ಸಗಣಿ ನೀರು ಚಿಮುಕಿಸಿದೆ. ಲೋಬಾನದ ಹೊಗೆ ಹಾಕಿದೆವು. ಬಾಯಿಯ ಸುತ್ತ ಸೊಸೆ ರಂಗೋಲಿ ಬಿಟ್ಟಳು. ನಮ್ಮ ಅಡುಗೆಮನೆಗಿಂತ ಹಗೇವೇ ಚೆಂದ ಕಾಣುತ್ತಿತ್ತು.

ಮೇಡಂ ಬಂದರು, ಎಂಜಿನಿಯರ್ ಬಂದರು, ಊರೆಲ್ಲ ಬಂದಿತು. ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟೆ. ಅದು ಇಳಿಯಿತು, ತಳ ಮುಟ್ಟಿತು, ಉರಿಯುತ್ತಲೇ ಇತ್ತು. ಇನ್ನೊಂದಿಷ್ಟು ಹೊತ್ತು ನೋಡಿದೆವು. ನಮ್ಮ ದೇವರ ಗೂಡಿನಲ್ಲೂ ದೀಪ ಅಷ್ಟು ನೆಟ್ಟಗೆ ಉರಿದದ್ದಿಲ್ಲ. ಮಗನನ್ನು ಇಳಿಸುವ ಮೊದಲೂ ಅದು ಹೀಗೇ ಉರಿದಿತ್ತು, ಗುಡಿಸುವ ಭರದಲ್ಲಿ ನನಗೆ ಹೊಳೆದಿರಲಿಲ್ಲ.

ಟ್ರ್ಯಾಕ್ಟರಿನವನು ಹಿಂದಿನಿಂದ ಕೂಗಿದ: "ಅತ್ಗೀ, ಇನ್ನೊಂದು ನಾಲ್ಕು ಕಂದೀಲು ಇಳಿಬಿಡು, ಕಾರ್ತೀಕ ಮಾಡಿ ಪ್ರಸಾದ ಹಂಚಿಬಿಡಣ!"

ಜನ ಬಿದ್ದು ಬಿದ್ದು ನಕ್ಕರು. ಯಾರೋ ಫೋನಿನಲ್ಲಿ ಹಿಡಿದು ಊರೂರಿಗೆ ಕಳಿಸಿದರು. ಮೇಡಂ ನಗಲಿಲ್ಲ, ಆದರೆ ತುಟಿ ಕಚ್ಚಿಕೊಂಡಿದ್ದು ನನಗೆ ಕಂಡಿತು. "ಆಯ್ತು ಅಜ್ಜಿ, ನಿಮ್ಮ ಮಾತನ್ನ ಬರ್ಕೊಂಡಿದೀನಿ. ನಕ್ಷೆ ಕಡೆಯದಾಗಿ ಒಪ್ಪಿಸೋಕೆ ಮೊದಲು, ಎರಡು ತಿಂಗಳು ಬಿಟ್ಟು, ಇನ್ನೊಂದು ಸಲ ಬರ್ತೀನಿ" ಎಂದರು. ಬಂದವರಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಟ್ಟಿದ್ದೆವು. ಎಂಜಿನಿಯರ್ ತಟ್ಟೆ ಖಾಲಿ ಮಾಡಿ, "ಇನ್ನೊಂದು ಸ್ವಲ್ಪ ಸಿಗುತ್ತಾ ಅಜ್ಜಿ?" ಎಂದರು. ಬಡಿಸಿದೆ. ಬಡಿಸಿದ ಸದ್ದು ಅವರಿಗೂ ಕೇಳಿಸಿರಬೇಕು.

ಎರಡು ದಿನ ನಾನು ಅಂಗಳ ದಾಟಲಿಲ್ಲ. ಮರ್ಯಾದೆ ಹೋಯಿತೆಂದಲ್ಲ. ನನ್ನ ಮಾತು ಸುಳ್ಳೆಂದು ಬರೆದುಕೊಂಡರೆ ಕಟ್ಟೆ ಬಂದೇ ಬರುತ್ತದೆ, ಬಂದರೆ ಹನ್ನೊಂದು ಮನೆಯವರು ದಿನಾ ಅದರ ಬುಡದಲ್ಲಿ ಮಲಗಿ ಏಳಬೇಕು. ನಾನು ಇನ್ನೆಷ್ಟು ದಿನ ಇದ್ದೇನು? ಉಳಿದವರು ಇರಬೇಕಲ್ಲ. ಹಿಟ್ಟು ಕಲಸುವಾಗಲೂ ಅದೇ ಯೋಚನೆ, ಎಮ್ಮೆಗೆ ನೀರಿಡುವಾಗಲೂ ಅದೇ.

ಮೂರನೆಯ ದಿನ ಕಣ್ಣಿನ ಡಾಕ್ಟರಿಗೆ ತೋರಿಸಲು ದಾವಣಗೆರೆಗೆ ಹೋದವಳು ಹಾಗೇ ಮಂಡಕ್ಕಿ ಭಟ್ಟಿಯ ಕಡೆ ನಡೆದೆ. ಅಲ್ಲೊಬ್ಬ ಸಾಬರಿದ್ದಾರೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಅಣ್ಣ ಎನ್ನುತ್ತೇನೆ. ಅವರ ಅಪ್ಪ ಹಿಂದೆ ನಮ್ಮ ಕಡೆಯ ಊರುಗಳಿಗೆಲ್ಲ ಬಂದು ಹಗೇವು ತುಂಬಿ, ಹಗೇವು ತೆಗೆದು ಕೊಡುತ್ತಿದ್ದರು. ಅಪ್ಪನ ಜೊತೆ ಇವರೂ ಇಳಿದವರೇ. ಹಗೇವುಗಳು ಮುಚ್ಚಿದ ಮೇಲೆ ಭಟ್ಟಿಗೆ ಬಂದರು. ಅವತ್ತು ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು, ಅಣ್ಣ ಮಸಿಯಲ್ಲಿ ಮುಳುಗಿ ಜರಡಿ ಆಡಿಸುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಫ್ಯಾನಿನ ಹತ್ತಿರ ಬಂದಾಗ ಜರಡಿ ಕೆಳಗಿಟ್ಟರು.

"ಏನಂದಿ? ಹಗೇವಿಗೆ ಫ್ಯಾನ್ ಹಚ್ಚಿದ್ರಾ?"

"ಹೂಂ."

"ಲೋಬಾನನೂ ಹಾಕಿದ್ರಾ? ಅರೆ ತಂಗೀ, ಅದು ಹಗೇವೋ ದರ್ಗಾನೋ?" ಅವರು ನಗುತ್ತ ಗೋಡೆ ಹಿಡಿದುಕೊಂಡರು. ಮಸಿ ಮುಖದಲ್ಲಿ ಕಣ್ಣೀರು ಎರಡು ಗೆರೆ ಎಳೆಯಿತು. "ಯಾರ ಬುದ್ಧಿ ಇದು?"

"ನಂದೇ. ಸಾಕು ನಗಬ್ಯಾಡ."

ಅವರು ಮುಖ ಒರೆಸಿಕೊಂಡು ಕೂತರು. "ಕೇಳು. ಜೀವ ತೆಗಿಯೋದು ಗುಂಡಿ ಅಲ್ಲ, ಒಳಗಿನ ಕಾಳು. ಕಾಳಿಗೂ ಜೀವ ಐತೆ, ಅದೂ ಉಸಿರು ಬಿಡ್ತೈತೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದ್ರ ಬಿಟ್ಟ ಉಸಿರೆಲ್ಲ ಒಳಗೇ ಕೂಡ್ತೈತೆ. ಅದಾ ಗಾಳಿ. ಖಾಲಿ ಹಗೇವು, ಅದೂ ಗುಡಿಸಿದ್ದು, ಅದ್ರಾಗ ಏನೈತೆ? ನಿನ್ನ ಸೊಸೆ ಸೆಖೆಗೆ ಚಾಪೆ ಹಾಸ್ಕೊಂಡು ಮಲಗಬಹುದು."

ಇದು ನನಗೆ ಗೊತ್ತಿರದ್ದೇನಲ್ಲ. ಗೊತ್ತಿದ್ದೂ ಮರೆತಿದ್ದೆ. ಕಾಲುವೆ ನೀರು, ರೇಷನ್ ಅಕ್ಕಿ, ಮಿಕ್ಸಿ, ಎಲ್ಲ ಬಂದ ಮೇಲೆ ಹಗೇವು ನಮಗೆ ಸೌದೆ ಒಟ್ಟುವ ಕಲ್ಲಾಗಿತ್ತು.

"ಎರಡು ತಿಂಗಳು ಟೈಮ್ ಐತೆ" ಎಂದೆ.

"ಒಂದು ತಿಂಗಳು ಸಾಕು. ಕಾಳು ಕೂಡಿಸು. ನಾ ಬಂದು ಮುಚ್ಚಿಕೊಡ್ತೀನಿ."

ಕಾಳು ಎಲ್ಲಿಂದ ಕೂಡಿಸುವುದು? ನಮ್ಮೂರಲ್ಲಿ ಈಗ ಜೋಳ ಬೆಳೆಯುವವರಿಲ್ಲ. ಲೋಕಿಕೆರೆ ನನ್ನ ತವರು. ಅಲ್ಲಿ ನನ್ನ ಒಡಹುಟ್ಟಿದ ಅಣ್ಣನ ಮಕ್ಕಳು ಮನೆಯ ರೊಟ್ಟಿಗೆಂದು ಒಂದಿಷ್ಟು ಜೋಳ ಹಾಕುತ್ತಾರೆ. ಹೋಗಿ ಕೂತೆ. "ಅತ್ತೆ, ಗುಂಡಿಗೆ ಸುರಿಯಾಕ ಜೋಳ ಕೇಳಾಕ ಬಂದ್ಯಾ?" ಎಂದು ದೊಡ್ಡವನು ಗೊಣಗಿದ. "ವಾಪಸ್ ಕೊಡ್ತೀನಿ. ವಾಸನೆ ಬಂದಿರ್ತೈತೆ ಅಷ್ಟಾ" ಎಂದೆ. ಆಟೋದಲ್ಲಿ ಹೇರಿಸಿದ. ನಮ್ಮ ಕೇರಿಯ ಮನೆಮನೆಯವರೂ ಮೆಕ್ಕೆಜೋಳ ತಂದು ಸುರಿದರು. ಸಂಜೆ ಟ್ರ್ಯಾಕ್ಟರಿನವನು ಎರಡು ಚೀಲ ಹೊತ್ತು ತಂದು ಹಿತ್ತಲಲ್ಲಿ ದೊಪ್ಪೆಂದು ಹಾಕಿದ. ನಾನು ಮುಖ ನೋಡಿದೆ.

"ಏನ್ ನೋಡ್ತಿ? ನಮ್ಮಕ್ಕನ ಮನೆ ನಿಮ್ಮ ಕೇರ್ಯಾಗೇ ಐತಲ್ಲ" ಎಂದ.

"ಬೀದಿ ದೀಪ?"

"ಬರಲಿ ಬಿಡು ಯಾವಾಗರ."

ಭಟ್ಟಿಯ ಅಣ್ಣ ಬಿಳಿ ಜುಬ್ಬ ತೊಟ್ಟು ಬಸ್ಸಿನಲ್ಲಿ ಬಂದಿಳಿದರು. ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡತೊಡಗಿದರು. ಹುಲ್ಲು ಇನ್ನೂ ಒತ್ರಿ, ಮೂಲೆ ಬಿಟ್ಟೀರಿ, ಇದೇನು ಕೋಳಿ ಗೂಡು ಅಂತ ಮಾಡೀರೇನು! ಪೂರ್ತಿ ಒಣಗದ ಮೆಕ್ಕೆಜೋಳವನ್ನೇ ಮೇಲೆ ಹಾಕಿಸಿದರು, ಹಸಿ ಇದ್ದಷ್ಟೂ ಉಸಿರು ಜಾಸ್ತಿಯಂತೆ. ಮುಕ್ಕಾಲು ತುಂಬಿದ ಮೇಲೆ ನಿಲ್ಲಿಸಿದರು. ಕಲ್ಲು ಮುಚ್ಚಿ ಕೆಸರು ಮೆತ್ತುವುದನ್ನು ಮಾತ್ರ ಬೇರೆಯವರಿಗೆ ಬಿಡಲಿಲ್ಲ. ಜುಬ್ಬದ ತೋಳು ಮಡಿಸಿ ತಾವೇ ಕೂತು ಬೆರಳಿನಿಂದ ಸಂದು ಸಂದು ಸವರಿದರು. ಊಟಕ್ಕೆ ಕೂತಾಗಲೂ ಆ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಸುತ್ತ ಮುಳ್ಳು ಹಾಕಿಸಿದೆ. ಯಾರೂ ಹತ್ತಿರ ಸುಳಿಯಬಾರದೆಂದು ಹಗಲೆಲ್ಲ ಅಲ್ಲೇ ಕೂತು ಕಾಳು ಕೇರಿದೆ. ನನ್ನ ಸೊಸೆಗೆ ತಡೆಯಲಾಗುತ್ತಿರಲಿಲ್ಲ. "ಅತ್ತೆ, ಒಂಚೂರು ಸಂದು ಮಾಡಿ ನೋಡಣಾ? ಈ ಸಲನೂ ಕಂದೀಲು ಉರಿದ್ರ ನಾ ಮತ್ತ ಯಾವ ಮುಖ ಇಟ್ಕೊಂಡು ಆಫೀಸಿಗೆ ಹೋಗ್ಲಿ?" ಎನ್ನುವಳು.

"ಮುಟ್ಟಿದಿ ಅಂದ್ರ ಕೈ ಮುರಿತೀನಿ. ಕಸಬರಿಗೆ ಆಕಡೆ ಇಡು ಮೊದ್ಲು."

ತಹಸೀಲ್ದಾರರಿಗೆ ಎದುರು ಮಾತಾಡುವ ಹೆಂಗಸು, ಕಸಬರಿಗೆ ಎತ್ತಿಟ್ಟು ಹೋದಳು. ಆದರೆ ನನಗೂ ಅದೇ ಹೆದರಿಕೆಯಿತ್ತು. ಹೇಳಲಿಲ್ಲ ಅಷ್ಟೇ.

ಮೇಡಂ ಹೇಳಿದ ಮಾತಿನಂತೆ ಬಂದರು. ಎಂಜಿನಿಯರ್ ಈ ಸಲ ಸೊಂಟಕ್ಕೆ ಗಾಳಿ ಅಳೆಯುವ ಒಂದು ಹಳದಿ ಡಬ್ಬಿ ಸಿಕ್ಕಿಸಿಕೊಂಡಿದ್ದರು. ರಂಗೋಲಿ ಇರಲಿಲ್ಲ, ಊರು ಮಾತ್ರ ಹೋದ ಸಲದ ಎರಡರಷ್ಟು ನೆರೆದಿತ್ತು. ಹೋದ ಸಲ ನಕ್ಕವರು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು. ಅಣ್ಣ ಮಣ್ಣು ಕೆತ್ತಿ ಕಲ್ಲು ಸರಿಸಿದರು. ಹುಳಿ ಬಂದ ಹಿಟ್ಟಿನಂಥ ವಾಸನೆ ಬಂತು. ಐವತ್ತು ವರ್ಷದ ಹಿಂದಿನ ವಾಸನೆ. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಕಂದೀಲು ಇಳಿಯಿತು. ಒಂದು ಮೊಳ ಇಳಿದಿರಲಿಲ್ಲ, ಉರಿ ಸಣ್ಣಗಾಯಿತು, ಆರಿತು.

"ಗಾಳಿ ಬಡಿದಿರಬೇಕು" ಎಂದ ಟ್ರ್ಯಾಕ್ಟರಿನವನು. ಅವನಿಗೆ ಯಾವ ಪಕ್ಷವೂ ಇಲ್ಲ, ಮಾತು ಬೇಕು. ಇನ್ನೊಂದು ಕಂದೀಲು ಇಳಿಸಿದೆವು. ಅದೂ ಆರಿತು. ಅವನೇ ಒಂದು ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಧಗಧಗ ಹಚ್ಚಿಕೊಂಡು ಬಂದ. ಅದನ್ನು ಬಾಯೊಳಗೆ ಚಾಚಿದ್ದೇ ತಡ, ಬಕೆಟ್ ನೀರಿನಲ್ಲಿ ಅದ್ದಿದ ಹಾಗೆ ಸುಮ್ಮನಾಯಿತು. ಅವನೂ ಸುಮ್ಮನಾದ. ಅವನನ್ನು ಹಾಗೆ ನಾನು ಕಂಡದ್ದು ಅದೇ ಮೊದಲು.

ಎಂಜಿನಿಯರ್ ಡಬ್ಬಿಯನ್ನು ದಾರಕ್ಕೆ ಕಟ್ಟಿ ಇಳಿಸಿದರು. ಅದು ಕೀಂ ಕೀಂ ಎಂದು ಬೊಬ್ಬೆ ಹಾಕತೊಡಗಿತು. ಮೇಲೆ ಎಳೆದುಕೊಂಡವರೇ ಮೇಡಂ ಅವರನ್ನು ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದರು.

"ಸೋಡಾನೇನ್ರಿ ಇದು?" ಎಂದೆ.

ಅವರು ಡಬ್ಬಿಯ ಬೊಬ್ಬೆ ನಿಲ್ಲಿಸಿದರು. ಏನೋ ಹೊಳೆದವರ ಹಾಗೆ, "ಅಜ್ಜಿ, ಒಂದು ಬಕೆಟ್ ಇದೆಯಾ? ಒಂದು ದೀಪ ಬೇಕು. ಗಾಳಿ ಆಡದ ತಗ್ಗು ಜಾಗ ಬೇಕು" ಎಂದರು. ಸ್ಕೂಲಿನಲ್ಲಿ ಮೇಷ್ಟ್ರು ಗಾಜಿನ ಲೋಟದಲ್ಲಿ ಮಾಡಿ ತೋರಿಸಿದ್ದರಂತೆ, ಆಮೇಲೆ ಹೇಳಿದರು. ನಮ್ಮ ಹಿತ್ತಲ ಬಾಗಿಲಿಗೆ ನಾಲ್ಕು ಮೆಟ್ಟಿಲು ಇಳಿಯಬೇಕು. ಕೆಳಗಿನ ಬಚ್ಚಲ ಕುಣಿಯಲ್ಲಿ ಹಣತೆ ಹಚ್ಚಿಟ್ಟೆ. ಅವರು ಬಕೆಟನ್ನು ಹಗೇವಿಗೆ ಇಳಿಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ತುಂಬಿದ ಹಾಲಿನ ತಂಬಿಗೆ ಎತ್ತಿದ ಹಾಗೆ ಮೆಲ್ಲಗೆ ಎತ್ತಿದರು. ಅದರೊಳಗೆ ಏನೂ ಕಾಣುತ್ತಿರಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ನಿಂತು ಆ ಖಾಲಿ ಬಕೆಟನ್ನು ಬಗ್ಗಿಸಿದರು. ನೀರು ಸುರಿದ ಹಾಗೆ ಸುರಿದರು. ಏನೂ ಬೀಳಲಿಲ್ಲ. ಕೆಳಗೆ ಹಣತೆ ಒಂದು ಸಲ ತಲೆ ಬಗ್ಗಿಸಿತು, ಆರಿಹೋಯಿತು.

ಹೆಂಗಸರ ಗುಂಪಿನಲ್ಲಿ ಯಾರೋ "ಅಯ್ಯೋ ಶಿವನೇ" ಎಂದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ, ನಾಟಕ ನೋಡಿದವರ ಹಾಗೆ. ಎಂಜಿನಿಯರ್ ಮಾತ್ರ ಬಕೆಟ್ಟಿನ ಒಳಗೇ ನೋಡುತ್ತ ನಿಂತಿದ್ದರು.

ಮೇಡಂ ಕೇಳಿದರು: "ದಿಬ್ಬದ ಮೇಲೆ ಅಕಸ್ಮಾತ್ ಲೀಕ್ ಆದರೆ, ಗಾಳಿ ಇಲ್ಲದ ಹೊತ್ತಿನಲ್ಲಿ, ಅದು ಎಲ್ಲಿಗೆ ಹೋಗುತ್ತೆ?"

ಎಂಜಿನಿಯರ್ ದಿಬ್ಬವನ್ನು ನೋಡಿದರು. ಮೆಟ್ಟಿಲು ನೋಡಿದರು. ನಮ್ಮ ಹನ್ನೊಂದು ಮನೆಗಳ ಹಂಚು, ಶೀಟು ಎಲ್ಲವನ್ನೂ ನೋಡಿದರು.

"ಇಲ್ಲಿಗೇ ಬರುತ್ತೆ ಮೇಡಂ" ಎಂದರು.

ನಾನು ಹೊಗಳುವವಳಲ್ಲ. ಆದರೆ ಕಂಪನಿಯ ಸಂಬಳ ತಿನ್ನುವ ಮನುಷ್ಯ ಅಷ್ಟು ಜನರ ಮುಂದೆ ಹಾಗೆ ಹೇಳುವುದು ಸುಲಭವಲ್ಲ. ಅವತ್ತು ಮಂಡಕ್ಕಿಯನ್ನು ಸದ್ದಿಲ್ಲದೆ ಬಡಿಸಿದೆ, ಕೇಳುವ ಮೊದಲೇ ಎರಡನೆಯ ಸಲವೂ ಬಡಿಸಿದೆ.

ಕೆಲವು ವಾರಗಳಾದ ಮೇಲೆ ಪಂಚಾಯ್ತಿಗೆ ಕಾಗದ ಬಂತು. ಸೊಸೆ ಅಂಗಳದಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದಳು. ದಿಬ್ಬದ ಮೇಲಿನ ಜಾಗವನ್ನು ಕೈಬಿಡಲಾಗಿದೆ, ಪೈಪಿನ ದಾರಿಯನ್ನು ಮೊದಲಿಂದ ಪರಿಶೀಲಿಸಲಾಗುವುದು. ಜನ ಗೆದ್ದೆವು ಎಂದು ಕುಣಿದರು, ಟ್ರ್ಯಾಕ್ಟರಿನವನು ಹಾರನ್ ಹೊಡೆದೇ ಹೊಡೆದ. ನಾನು ಅರ್ಧ ಗೆದ್ದೆವು ಎಂದೆ. ಪೈಪು ನಿಂತಿಲ್ಲ, ಹೂಳುವ ಯೋಚನೆಯೂ ನಿಂತಿಲ್ಲ. ನಮ್ಮ ತಲೆಯ ಮೇಲಿನಿಂದ ಸರಿದಿದೆ, ಇನ್ನೊಬ್ಬರ ತಲೆ ಹುಡುಕುತ್ತಿದೆ. ಆದರೂ ಆ ದಿನ ಹೊಟ್ಟೆ ತುಂಬ ಉಂಡೆ, ಅದನ್ನು ಮುಚ್ಚಿಡುವುದಿಲ್ಲ. ಹಗೇವಿನ ಜೋಳದ ರೊಟ್ಟಿ ಬಡಿದಿದ್ದೆವು. ಸೊಸೆ ಮೂಗಿಗೆ ಸೆರಗು ಹಿಡಿದು, "ಇದನ್ನ ಹೆಂಗೆ ತಿಂತೀರತ್ತೆ?" ಎಂದಳು. ಅಣ್ಣ ಮೂರು ತಿಂದು, ಎರಡು ಕಟ್ಟಿಸಿಕೊಂಡು ಹೋದರು.

ಹೋದ ತಿಂಗಳು ಎಂಜಿನಿಯರ್ ಜೀಪು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದರು. ಹೊಸ ನಕ್ಷೆ ಮಾಡಬೇಕು, ಎಲ್ಲೆಲ್ಲಿ ಬೆಳಗಿನ ಹೊಗೆ ಕೂರುತ್ತದೆ, ಎಲ್ಲೆಲ್ಲಿ ಮಂಜು ನಿಲ್ಲುತ್ತದೆ ಎಂದು ನಕ್ಷೆಯಲ್ಲಿ ಕಾಣುವುದಿಲ್ಲ, ನೀವು ಬಂದು ತೋರಿಸುತ್ತೀರಾ ಎಂದರು.

"ಬಂದ್ರ ನಾ ಒಪ್ಪಿದಂಗಲ್ಲ" ಎಂದೆ.

"ಗೊತ್ತು ಅಜ್ಜಿ."

ಮುಂದಿನ ಸೀಟಿನಲ್ಲಿ ಕೂತೆ. ಕೊಂಡಜ್ಜಿ ಕೆರೆಯ ಏರಿಯ ಹತ್ತಿರ ನಿಲ್ಲಿಸಿದರು. ಇಳಿದು ನೋಡಿದೆ. "ಬ್ಯಾಡ. ಕೆಳಗ ಮನೆ ಅದಾವು." ಮುಂದೆ ಒಂದು ಹಳ್ಳದ ದಂಡೆ. "ಬ್ಯಾಡ. ಇಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸ್ತಾರ, ಕುರಿಗಾಹಿಗಳು ಮಲಗ್ತಾರ." ಅದರ ಮುಂದೆ ಒಂದು ಶಾಲೆಯ ಹಿಂದಿನ ಬಯಲು. ಅದಕ್ಕೆ ನಾನು ಜೀಪಿನಿಂದ ಇಳಿಯಲೇ ಇಲ್ಲ. ಹೀಗೆ ಮಧ್ಯಾಹ್ನದವರೆಗೂ ಸುತ್ತಿದೆವು. ಕಡೆಗೆ ಅವರು ಗಾಡಿ ನಿಲ್ಲಿಸಿ, ಬೋಳು ನೆತ್ತಿಯ ಬೆವರು ಒರೆಸಿಕೊಂಡು ಕೇಳಿದರು:

"ಎಲ್ಲಾ ಕಡೆ ಬೇಡ ಅಂದರೆ, ಮತ್ತೆ ಎಲ್ಲಿ ಹಾಕ್ಲಿ ಅಜ್ಜಿ?"

"ಅದನ್ನ ಹುಡುಕೋದು ನಿನ್ನ ಕೆಲಸ ಎಂಜಿನೇರಪ್ಪಾ. ಬ್ಯಾಡ ಅನ್ನೋದು ನನ್ನ ಕೆಲಸ. ನಡಿ, ಮುಂದಿನ ಊರು ನೋಡಣ."